ಹುಲ್ಲುಹಾಸಿನ ನೆಲಕ್ಕೆ ಗಾಳಿಯಾಡಿಸುವುದರಿಂದಾಗುವ ಪ್ರಯೋಜನಗಳು

ಮನೆಯ ಮುಂದಿನ ಅಂಗಳದಲ್ಲಿಯೂ, ಪಾಠಶಾಲೆಯ ಬಯಲಿನಲ್ಲಿಯೂ, ಪಂಚಾಯತಿ ಕಟ್ಟಡದ ಸುತ್ತಲೂ ಗರಿಕೆಯನ್ನು ನಾಟಿಮಾಡಿ ಹುಲ್ಲುಹಾಸನ್ನು ಬೆಳೆಯಿಸುವ ಅಭಿರುಚಿಯು ಪಟ್ಟಣಗಳಲ್ಲಿ ಮಾತ್ರವಲ್ಲದೆ ಹಳ್ಳಿಗಳಲ್ಲಿಯೂ ಹರಡಿದೆ. ಇದು ಸಂತೋಷಕರವಾದ ಸಂಗತಿಯೇ ಸರಿ. ಹುಲ್ಲು ಮುಚ್ಚಿದ ನೆಲದಲ್ಲಿ ಧೂಳೇಳುವುದಿಲ್ಲ. ಮಳೆಯ ಹೊಡೆತಕ್ಕೆ ಮಣ್ಣು ಕೊಚ್ಚಿಹೋಗುವುದಿಲ್ಲ. ಮಕ್ಕಳು ಬಿದ್ದರೂ ಗಾಯ ಕಡಿಮೆ. ಆದರೆ ಬಹುಮಂದಿ ಯಜಮಾನರ ಅನುಭವವನ್ನು ವಿಚಾರಿಸಿದರೆ ಒಂದೇ ಬಗೆಯ ವರದಿಯು ದೊರೆಯುತ್ತದೆ. ಮೊದಲ ಎರಡು ವರ್ಷ ಹುಲ್ಲು ದಟ್ಟವಾಗಿ ಬೆಳೆಯಿತು; ಮೂರನೆಯ ವರ್ಷ ಹಳದಿಗೆ ತಿರುಗಿತು; ಆ ಬಳಿಕ ಅಲ್ಲಲ್ಲಿ ನೆಲವು ಬೋಳಾಗಿ ಪಾರ್ಥೇನಿಯಂ ಗಿಡವು ಹುಟ್ಟಿತು. ಗೊಬ್ಬರವನ್ನು ಹೆಚ್ಚಿಸಿದರೂ, ನೀರನ್ನು ಹೆಚ್ಚಾಗಿ ಹಾಯಿಸಿದರೂ ಗುಣ ಕಾಣಲಿಲ್ಲ. ಕಡೆಗೆ ಎಲ್ಲವನ್ನೂ ಅಗೆದು ತೆಗೆದು ಹೊಸದಾಗಿ ನಾಟಿಮಾಡಬೇಕಾಯಿತು.

ಇಂತಹ ಸಂದರ್ಭಗಳಲ್ಲಿ ದೋಷವು ಅನೇಕವೇಳೆ ಗರಿಕೆಯದೂ ಅಲ್ಲ, ಗೊಬ್ಬರದ್ದೂ ಅಲ್ಲ. ಕಾಲ್ತುಳಿತದಿಂದ ಮಣ್ಣು ಗಡುಸಾಗಿ, ಬೇರಿಗೆ ಗಾಳಿ ದೊರೆಯದೆ ಹೋಗುವುದೇ ಮೂಲಕಾರಣ. ಈ ದೋಷವನ್ನು ಹುಲ್ಲನ್ನು ಕೀಳದೆಯೇ, ಅಲ್ಪ ವೆಚ್ಚದಲ್ಲಿ ಪರಿಹರಿಸಿಕೊಳ್ಳುವ ಕ್ರಮವೊಂದುಂಟು. ಅದನ್ನು ಭೂಮಾಲೀಕರಿಗೂ ಗ್ರಾಮದ ಮುಖಂಡರಿಗೂ ತಿಳಿಯಪಡಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಮಣ್ಣಿನೊಳಗಿನ ಗಾಳಿ

ಮಣ್ಣೆಂಬುದು ಸಂದಿಲ್ಲದ ಗಟ್ಟಿಪದಾರ್ಥವೆಂದು ಭಾವಿಸಬಾರದು. ಹದವಾದ ನೆಲದ ಒಂದು ಘನ ಅಡಿ ಮಣ್ಣನ್ನು ತೆಗೆದುಕೊಂಡರೆ, ಅದರಲ್ಲಿ ಸುಮಾರು ಅರ್ಧಭಾಗ ಮಾತ್ರ ಮಣ್ಣಿನ ಕಣಗಳು. ಉಳಿದರ್ಧ ಕಣಗಳ ನಡುವಣ ಸಂದುಗಳು. ಈ ಸಂದುಗಳಲ್ಲಿ ಅರ್ಧದಷ್ಟು ನೀರೂ ಅರ್ಧದಷ್ಟು ಗಾಳಿಯೂ ಇದ್ದರೆ ಸಸ್ಯಗಳಿಗೆ ಅತ್ಯುತ್ತಮ. ದೊಡ್ಡ ಸಂದುಗಳು ನೀರನ್ನು ಬೇಗನೆ ಕೆಳಕ್ಕೆ ಬಿಟ್ಟು ಗಾಳಿಗೆ ಎಡೆಗೊಡುತ್ತವೆ. ಸಣ್ಣ ಸಂದುಗಳು ತೇವವನ್ನು ಹಿಡಿದಿಡುತ್ತವೆ. ನೆಲವನ್ನು ತುಳಿದಾಗ ಮೊದಲು ಮುಚ್ಚಿಹೋಗುವುವು ದೊಡ್ಡ ಸಂದುಗಳೇ. ಗಾಳಿಯಿರುವ ಸಂದುಗಳ ಪ್ರಮಾಣವು ಮಣ್ಣಿನ ಒಟ್ಟು ಗಾತ್ರದಲ್ಲಿ ನೂರಕ್ಕೆ ೧೦ ಪಾಲಿಗಿಂತ ಕಡಿಮೆಯಾದರೆ ಬಹುತೇಕ ಸಸ್ಯಗಳ ಬೇರು ಸಂಕಟಕ್ಕೀಡಾಗುತ್ತದೆ.

ಎಲೆಗಳಂತೆಯೇ ಬೇರುಗಳೂ ಉಸಿರಾಡುತ್ತವೆ. ಅವು ಆಮ್ಲಜನಕವನ್ನು ಹೀರಿಕೊಂಡು ಇಂಗಾಲಾಮ್ಲವಾಯುವನ್ನು ಹೊರಬಿಡುತ್ತವೆ. ಮೇಲಣ ಗಾಳಿಯಲ್ಲಿ ಆಮ್ಲಜನಕವು ನೂರಕ್ಕೆ ಸುಮಾರು ೨೧ ಪಾಲು ಇರುತ್ತದೆ. ಮಣ್ಣಿನೊಳಗೆ ಖರ್ಚಾದ ಆಮ್ಲಜನಕವು ಈ ಸಂದುಗಳ ಮೂಲಕವೇ ಮತ್ತೆ ತುಂಬಬೇಕು. ಸಂದುಗಳು ಮುಚ್ಚಿದರೆ, ಅಥವಾ ನೀರಿನಿಂದ ಪೂರ್ತಿ ತುಂಬಿದರೆ, ಈ ವಿನಿಮಯವು ನಿಂತುಹೋಗುವುದು. ಏಕೆಂದರೆ ಆಮ್ಲಜನಕವು ಗಾಳಿಯಲ್ಲಿ ಹರಡುವ ವೇಗದ ಸುಮಾರು ಹತ್ತು ಸಾವಿರದಲ್ಲೊಂದು ಪಾಲಿನಷ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತದೆ. ಉಸಿರು ಕಟ್ಟಿದ ಬೇರಿಗೆ ನೀರನ್ನಾಗಲಿ ಸಾರವನ್ನಾಗಲಿ ಹೀರುವ ಶಕ್ತಿಯಿರುವುದಿಲ್ಲ. ನೆಲದಲ್ಲಿ ತೇವವಿದ್ದರೂ ಹುಲ್ಲು ಬಾಡುವುದಕ್ಕೆ ಇದೇ ಕಾರಣ.

ಕೆಸರುಗದ್ದೆಯಲ್ಲಿ ಬತ್ತವು ಬದುಕುವುದಿಲ್ಲವೇ ಎಂದು ಕೆಲವರು ಕೇಳಬಹುದು. ಬತ್ತದ ಕಾಂಡದಲ್ಲಿಯೂ ಬೇರಿನಲ್ಲಿಯೂ ಗಾಳಿಯನ್ನು ಮೇಲಿನಿಂದ ಕೆಳಕ್ಕೆ ಒಯ್ಯುವ ವಿಶೇಷವಾದ ನಾಳಗಳುಂಟು. ಗರಿಕೆಗೆ ಬತ್ತದಷ್ಟು ಇಂತಹ ಅನುಕೂಲವಿಲ್ಲ. ಅದು ಕೆಲವು ದಿನಗಳ ನೀರನ್ನು ಸಹಿಸೀತೇ ಹೊರತು ವರ್ಷವಿಡೀ ಉಸಿರುಗಟ್ಟಿದ ನೆಲದಲ್ಲಿ ಏಳಿಗೆ ಹೊಂದಲಾರದು.

ಕಣದ ದೃಷ್ಟಾಂತ

ನೆಲವನ್ನು ಗಡುಸು ಮಾಡುವ ವಿದ್ಯೆ ನಮ್ಮ ರೈತರಿಗೆ ಹೊಸದಲ್ಲ. ಸುಗ್ಗಿಗೆ ಮೊದಲು ಕಣವನ್ನು ಹೇಗೆ ಸಿದ್ಧಪಡಿಸುತ್ತಿದ್ದರೆಂಬುದನ್ನು ಜ್ಞಾಪಿಸಿಕೊಳ್ಳಿರಿ. ನೆಲಕ್ಕೆ ನೀರು ಚೆಲ್ಲಿ ಹದಮಾಡಿ, ದನಗಳನ್ನು ಹೊಡೆದು ತುಳಿಸಿ, ಗುಂಡನ್ನು ಉರುಳಿಸಿ, ಸಗಣಿಯಿಂದ ಸಾರಿಸುವರು. ಹಾಗೆ ಮಾಡಿದ ನೆಲದಲ್ಲಿ ಒಂದು ಕಾಳೂ ಮಣ್ಣಿಗೆ ಸೇರದು, ಒಂದು ಹುಲ್ಲೂ ಮೊಳೆಯದು. ಹುಲ್ಲುಹಾಸಿಗೆ ನಾವು ಮಾಡುತ್ತಿರುವುದು ಬಹುಮಟ್ಟಿಗೆ ಇದನ್ನೇ. ನೀರು ಹಾಯಿಸಿದ ಕೂಡಲೇ ಅದರ ಮೇಲೆ ನಡೆದಾಡುತ್ತೇವೆ. ಸಮವಾಗಲೆಂದು ಮತ್ತೆ ಮತ್ತೆ ಗುಂಡು ಉರುಳಿಸುತ್ತೇವೆ. ಮದುವೆಗೂ ಜಾತ್ರೆಗೂ ಚಪ್ಪರ ಹಾಕಿ ಸಾವಿರಾರು ಜನರನ್ನು ಕೂಡಿಸುತ್ತೇವೆ. ಮಳೆಗಾಲದಲ್ಲಿಯೇ ಟ್ರ್ಯಾಕ್ಟರುಗಳನ್ನೂ ಕಾರುಗಳನ್ನೂ ತಂದು ನಿಲ್ಲಿಸುತ್ತೇವೆ. ಒದ್ದೆಮಣ್ಣಿನ ಮೇಲೆ ಬಿದ್ದ ಭಾರವು ಒಣಮಣ್ಣಿನ ಮೇಲೆ ಬಿದ್ದ ಭಾರಕ್ಕಿಂತ ಬಹಳ ಹೆಚ್ಚಿನ ಕೇಡನ್ನು ಮಾಡುತ್ತದೆಂಬುದನ್ನು ಮರೆಯಬಾರದು.

ರಾಗಿಯ ಹೊಲದಲ್ಲಿ ಈ ದೋಷವು ನಿಲ್ಲುವುದಿಲ್ಲ. ಅಲ್ಲಿ ವರ್ಷಕ್ಕೆ ಹಲವು ಸಲ ನೇಗಿಲೂ, ಪೈರಿನ ಸಾಲುಗಳ ನಡುವೆ ಎಡೆಕುಂಟೆಯೂ ಆಡುತ್ತವೆ. ಮಳೆಯಿಂದ ಕಟ್ಟಿದ ಹೆಪ್ಪು ಒಡೆದು ಗಾಳಿಯು ಒಳಹೊಗುತ್ತದೆ. ಹುಲ್ಲುಹಾಸಿನಲ್ಲಿ ನೇಗಿಲು ಹೂಡುವಂತಿಲ್ಲ, ಕುಂಟೆ ಹೊಡೆಯುವಂತಿಲ್ಲ. ಆದಕಾರಣ ಹೊಲದಲ್ಲಿ ಕುಂಟೆಯು ಮಾಡುವ ಉಪಕಾರವನ್ನು ಇಲ್ಲಿ ರಂಧ್ರಗಳ ಮೂಲಕ ಮಾಡಬೇಕಾಗಿದೆ.

ನೆಲವನ್ನು ಪರೀಕ್ಷಿಸುವ ಕ್ರಮ

ಕೆಲಸಕ್ಕೆ ತೊಡಗುವ ಮುನ್ನ ನೆಲವು ನಿಜವಾಗಿ ಗಡುಸಾಗಿದೆಯೇ ಎಂದು ತಿಳಿಯುವುದು ಅವಶ್ಯಕ. ಅದಕ್ಕೆ ಮೂರು ಪರೀಕ್ಷೆಗಳು ಸಾಕು.

ಒಂದನೆಯದು: ಮಳೆ ಬಿದ್ದು ಅಥವಾ ನೀರು ಹಾಯಿಸಿ ಒಂದು ದಿನ ಕಳೆದ ಮೇಲೆ, ಬೆರಳಿಗಿಂತ ತೆಳುವಾದ ಕಬ್ಬಿಣದ ಸರಳೊಂದನ್ನು ಕೈಯಿಂದ ನೆಲಕ್ಕೆ ಒತ್ತಬೇಕು. ಹದವಾದ ನೆಲದಲ್ಲಿ ಅದು ನಾಲ್ಕೈದು ಅಂಗುಲ ಸುಲಭವಾಗಿ ಇಳಿಯುತ್ತದೆ. ಒಂದೆರಡು ಅಂಗುಲಕ್ಕೇ ನಿಂತು, ಕೆಳಗೆ ಕಲ್ಲಿಲ್ಲವೆಂಬುದು ಖಚಿತವಾದರೆ, ನೆಲವು ಗಡುಸಾಗಿದೆಯೆಂದು ತಿಳಿಯಬೇಕು.

ಎರಡನೆಯದು: ಎರಡು ಕಡೆಯೂ ತೆರೆದಿರುವ ತಗಡಿನ ಡಬ್ಬಿಯೊಂದನ್ನು ಎರಡಂಗುಲ ನೆಲಕ್ಕೆ ಇಳಿಸಿ, ಅದರೊಳಗೆ ಒಂದಂಗುಲ ಎತ್ತರಕ್ಕೆ ನೀರು ತುಂಬಿ, ಅದು ಇಂಗಲು ಹಿಡಿಯುವ ಕಾಲವನ್ನು ಗಡಿಯಾರದಿಂದ ನೋಡಬೇಕು. ಜನರು ತುಳಿಯದ ಬೇಲಿಯಂಚಿನಲ್ಲಿ ಇದೇ ಪರೀಕ್ಷೆ ಮಾಡಿ ಎರಡನ್ನೂ ಹೋಲಿಸಿದರೆ ಭೇದವು ವಿಶದವಾಗುವುದು.

ಮೂರನೆಯದು: ಗುದ್ದಲಿಯಿಂದ ಒಂದು ಗೇಣಿನಷ್ಟು ಹುಲ್ಲನ್ನು ಮಣ್ಣಿನೊಡನೆ ಎತ್ತಿ ಬೇರನ್ನು ನೋಡಬೇಕು. ಬೇರುಗಳು ಮೇಲಣ ಒಂದೆರಡು ಅಂಗುಲದಲ್ಲಿಯೇ ಅಡ್ಡಲಾಗಿ ಹೆಣೆದುಕೊಂಡಿದ್ದರೆ ಕೆಳಗಿಳಿಯಲು ಅವಕಾಶವಿಲ್ಲವೆಂದರ್ಥ.

ಇವಲ್ಲದೆ ಕಳೆಗಳೂ ಸಾಕ್ಷಿ ಹೇಳುತ್ತವೆ. ರಾಗಿಯ ಕುಲಕ್ಕೇ ಸೇರಿದ, ಬೆರಳುಬೆರಳಾದ ತೆನೆಯುಳ್ಳ ಕಾಡುಹುಲ್ಲೊಂದು ತುಳಿದು ಗಟ್ಟಿಯಾದ ಕಾಲುದಾರಿಗಳಲ್ಲಿ ಹುಲುಸಾಗಿ ಬೆಳೆಯುವುದನ್ನು ಎಲ್ಲರೂ ಕಂಡಿರುವರು. ಅದು ಹುಲ್ಲುಹಾಸಿನ ನಡುವೆ ಹಬ್ಬತೊಡಗಿದರೆ ನೆಲದ ಸ್ಥಿತಿಯನ್ನು ಪರೀಕ್ಷಿಸತಕ್ಕದ್ದು.

ಗಾಳಿಯಾಡಿಸುವ ಕಾಲ

ಗರಿಕೆಯು ಬಿಸಿಲಿನ ಕಾಲದ ಹುಲ್ಲು. ಅದು ಚುರುಕಾಗಿ ಬೆಳೆಯುತ್ತಿರುವಾಗಲೇ ಈ ಕೆಲಸವನ್ನು ಮಾಡಬೇಕು. ಆಗ ರಂಧ್ರಗಳ ಅಂಚಿನ ಗಾಯವು ಕೆಲವೇ ವಾರಗಳಲ್ಲಿ ಮುಚ್ಚಿಕೊಳ್ಳುತ್ತದೆ. ನಮ್ಮ ಮೈದಾನ ಸೀಮೆಯಲ್ಲಿ ಕೃತ್ತಿಕೆ, ರೋಹಿಣಿ ಮಳೆಗಳ ಕಾಲ, ಎಂದರೆ ಮೇ ತಿಂಗಳ ನಡುವಿನಿಂದ ಜೂನ್ ಆರಂಭದವರೆಗೆ, ಶ್ರೇಷ್ಠವಾದುದು. ಬಹಳ ತುಳಿತವಿರುವ ಬಯಲುಗಳಲ್ಲಿ ಉತ್ತರೆ, ಹಸ್ತ ಮಳೆಗಳ ನಡುವೆ ಬಿಡುವು ನೋಡಿ ಎರಡನೆಯ ಸಲವೂ ಮಾಡಬಹುದು. ಚಳಿಯಿಂದ ಬೆಳವಣಿಗೆ ಕುಗ್ಗುವ ಡಿಸೆಂಬರ್, ಜನವರಿಗಳಲ್ಲಿಯೂ, ನೀರಿನ ಅನುಕೂಲವಿಲ್ಲದ ಕಡೆ ಕಡುಬೇಸಗೆಯಲ್ಲಿಯೂ ಮಾಡಬಾರದು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮುಂಗಾರಿನ ಜಡಿಮಳೆ ಹಿಡಿಯುವುದಕ್ಕೆ ಮೊದಲೇ ಮುಗಿಸುವುದು ಲೇಸು.

ಮಣ್ಣಿನ ಹದವೂ ಮುಖ್ಯ. ಒಣಗಿದ ಕೆಮ್ಮಣ್ಣಿನಲ್ಲಿ ಹಲ್ಲು ಇಳಿಯುವುದಿಲ್ಲ. ಅಂಟುವ ಕೆಸರಿನಲ್ಲಿ ಇಳಿದ ಹಲ್ಲು ರಂಧ್ರದ ಗೋಡೆಯನ್ನು ಸಾರಿಸಿ ಮತ್ತಷ್ಟು ಗಟ್ಟಿಮಾಡುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಬೆರಳಿನಿಂದ ಮುಟ್ಟಿದರೆ ಉದುರುವಂತಿರುವುದೇ ತಕ್ಕ ಹದ.

ಉಪಕರಣಗಳು

ತೋಟಗಳಲ್ಲಿ ಬಳಸುವ ನಾಲ್ಕು ಹಲ್ಲುಗಳ ಕಬ್ಬಿಣದ ಫೋರ್ಕ್ ಸಣ್ಣ ಅಂಗಳಕ್ಕೆ ಸಾಕು. ಅದನ್ನು ನೆಟ್ಟಗೆ ನಾಲ್ಕಂಗುಲ ಇಳಿಸಿ, ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಸ್ವಲ್ಪವೇ ಅಲುಗಿಸಿ, ಹುಲ್ಲು ಮೇಲೇಳದಂತೆ ಹೊರತೆಗೆಯಬೇಕು. ಆದರೆ ಗಟ್ಟಿಹಲ್ಲು ಮಣ್ಣನ್ನು ಹೊರತೆಗೆಯುವುದಿಲ್ಲ, ಪಕ್ಕಕ್ಕೆ ಸರಿಸುತ್ತದೆ ಅಷ್ಟೆ. ಆದುದರಿಂದ ಬಹಳ ಗಡುಸಾದ ನೆಲಕ್ಕೂ ಜೇಡಿಭೂಮಿಗೂ ಕೊಳವೆಹಲ್ಲಿನ ಉಪಕರಣವೇ ಉತ್ತಮ. ಇದನ್ನು ಊರಿನ ಕಮ್ಮಾರನೇ ಮಾಡಿಕೊಡಬಲ್ಲನು. ಮುಕ್ಕಾಲು ಅಂಗುಲ ಒಳವ್ಯಾಸದ ಕಬ್ಬಿಣದ ಕೊಳವೆಯ ಮೂರು ತುಂಡುಗಳನ್ನು ನಾಲ್ಕು ನಾಲ್ಕು ಅಂಗುಲ ಅಂತರದಲ್ಲಿ ಒಂದು ಅಡ್ಡಪಟ್ಟಿಗೆ ಬೆಸೆದು, ಕೆಳತುದಿಯನ್ನು ಹರಿತಮಾಡಿ, ಒಳಗೆ ಸಿಕ್ಕಿದ ಮಣ್ಣಿನ ಬಿಲ್ಲೆಯು ಹೊರಬೀಳುವಂತೆ ಪಕ್ಕದಲ್ಲಿ ಸೀಳುಬಿಟ್ಟು, ಮೇಲೆ ಹಿಡಿಯನ್ನೂ ಕಾಲೊತ್ತಲು ಮೆಟ್ಟನ್ನೂ ಜೋಡಿಸಿದರಾಯಿತು. ದೊಡ್ಡ ಬಯಲುಗಳಿಗೆ ಯಂತ್ರಗಳೂ ದೊರೆಯುತ್ತವೆ. ಮೊಳೆ ಹೊಡೆದ ಪಾದರಕ್ಷೆಗಳನ್ನು ಧರಿಸಿ ನಡೆದಾಡುವುದರಿಂದ ಮಾತ್ರ ಹೇಳಿಕೊಳ್ಳುವಂತಹ ಫಲವಿಲ್ಲ. ಸಣ್ಣ ತೂತು ಮಾಡುವ ಮೊಳೆಗಿಂತ ಮೇಲಿನಿಂದ ಒತ್ತುವ ದೇಹದ ಭಾರವೇ ಹೆಚ್ಚು.

ಕೆಲಸ ಮಾಡತಕ್ಕ ವಿಧಾನ

ಮೊದಲು ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿ, ಒಣಕಸವನ್ನು ಬಾಚಿ ತೆಗೆಯಬೇಕು. ಹಳೆಯ ಕಾಂಡಗಳ ಒಣಪದರವು ಅರ್ಧ ಅಂಗುಲಕ್ಕಿಂತ ದಪ್ಪವಾಗಿದ್ದರೆ ನೀರೂ ಗಾಳಿಯೂ ಮಣ್ಣನ್ನು ಮುಟ್ಟುವುದಿಲ್ಲ. ನೆಲದೊಳಗೆ ನೀರಿನ ಕೊಳವೆ, ವಿದ್ಯುತ್ತಿನ ತಂತಿ ಹಾದುಹೋಗಿದ್ದರೆ ಆ ಸ್ಥಳಗಳಿಗೆ ಗೂಟ ನೆಟ್ಟು ಗುರುತು ಮಾಡಿಡಬೇಕು. ಹಿಂದಿನ ದಿನ ನೀರು ಹಾಯಿಸಿ, ಮರುದಿನ ಬೆಳಗ್ಗೆ ತೊಡಗಬೇಕು. ಕೆಲಸಗಾರನು ಹಿಮ್ಮೆಟ್ಟುತ್ತ ಸಾಗಿದರೆ ಮಾಡಿದ ರಂಧ್ರಗಳನ್ನು ತಾನೇ ತುಳಿಯುವುದು ತಪ್ಪುತ್ತದೆ. ಆಳವು ಮೂರರಿಂದ ನಾಲ್ಕು ಅಂಗುಲವಿರಲಿ.

ಕೊಳವೆಯಿಂದ ಹೊರಬಿದ್ದ ಮಣ್ಣಿನ ಬಿಲ್ಲೆಗಳು ಒಳ್ಳೆಯ ಮಣ್ಣಾಗಿದ್ದರೆ ಒಣಗಲು ಬಿಟ್ಟು, ಪೊರಕೆಯಿಂದ ಪುಡಿಮಾಡಿ ಅಲ್ಲಿಯೇ ಹರಡಬಹುದು. ಜೇಡಿಯಾಗಿದ್ದರೆ ಮಂಕರಿಯಲ್ಲಿ ತುಂಬಿ ಹೊರಗೆ ಸಾಗಿಸಬೇಕು. ಅನಂತರ ಎರಡು ಪಾಲು ದಪ್ಪ ಮರಳಿಗೆ ಒಂದು ಪಾಲು ಚೆನ್ನಾಗಿ ಕಳಿತು ಜರಡಿ ಹಿಡಿದ ಕೊಟ್ಟಿಗೆಗೊಬ್ಬರವನ್ನು ಬೆರೆಸಿ, ತೆಳ್ಳಗೆ ಹರಡಿ, ರಂಧ್ರಗಳಿಗೆ ಇಳಿಯುವಂತೆ ಗುಡಿಸಿ, ನೀರು ಹಾಯಿಸಬೇಕು. ಕೆರೆಗೋಡು ಹೊಲಗಳಿಗೆ ಒಳ್ಳೆಯದಾದರೂ ಇಲ್ಲಿಗೆ ತಕ್ಕುದಲ್ಲ; ಅದರ ನುಣ್ಣನೆಯ ಮಣ್ಣು ರಂಧ್ರಗಳನ್ನು ಮತ್ತೆ ಮುಚ್ಚಿಬಿಡುವುದು. ಹಸಿ ಸಗಣಿಯನ್ನು ಹಾಕಿದರೆ ಕಳೆಬೀಜಗಳೂ ಗೊಣ್ಣೆಹುಳುಗಳೂ ಬರುವ ಭಯವುಂಟು. ಮೂರು ನಾಲ್ಕು ವಾರ ಆ ನೆಲದ ಮೇಲೆ ಜನರನ್ನೂ ದನಗಳನ್ನೂ ಬಿಡಬಾರದು.

ಶ್ರಮ ಮತ್ತು ಸಾಮಗ್ರಿಯ ಲೆಕ್ಕ

ಒಂದು ಗುಂಟೆಯೆಂದರೆ ೧,೦೮೯ ಚದರಡಿ. ಎಂಟಂಗುಲ ಅಗಲದ ಫೋರ್ಕನ್ನು ಆರಂಗುಲಕ್ಕೊಮ್ಮೆ ಇಳಿಸುತ್ತ ಹೋದರೆ ಗುಂಟೆಗೆ ಸುಮಾರು ೩,೨೭೦ ಸಲ ಚುಚ್ಚಬೇಕಾಗುತ್ತದೆ. ರಂಧ್ರಗಳು ಹದಿಮೂರು ಸಾವಿರವಾಗುತ್ತವೆ. ನಿಮಿಷಕ್ಕೆ ಹತ್ತು ಸಲದಂತೆ ಲೆಕ್ಕ ಹಾಕಿದರೆ ಐದೂವರೆ ಗಂಟೆ. ವಿಶ್ರಾಂತಿಯನ್ನೂ ಸೇರಿಸಿದರೆ ಒಬ್ಬ ಆಳಿನ ಒಂದು ದಿನದ ಕೆಲಸ. ಮುಕ್ಕಾಲು ಅಂಗುಲದ ಕೊಳವೆಯಿಂದ ನಾಲ್ಕಂಗುಲಕ್ಕೊಂದರಂತೆ ಮೂರಂಗುಲ ಆಳದ ರಂಧ್ರ ಮಾಡಿದರೆ, ಗುಂಟೆಗೆ ಸುಮಾರು ೯,೮೦೦ ರಂಧ್ರಗಳಾಗಿ, ಅವನ್ನು ತುಂಬಲು ಏಳೂವರೆ ಘನ ಅಡಿ ಮಿಶ್ರಣ ಬೇಕು. ಮೇಲೆ ತೆಳ್ಳಗೆ ಹರಡುವುದಕ್ಕೂ ಸೇರಿಸಿ ೨೦ ಘನ ಅಡಿ ಸಿದ್ಧಪಡಿಸಿಕೊಂಡರೆ ಸಾಕಾಗುವುದು. ಇದನ್ನು ಹುಲ್ಲನ್ನು ಕಿತ್ತು, ನೆಲ ಅಗೆದು, ಹೊಸ ಮಣ್ಣು ತುಂಬಿಸಿ, ಮತ್ತೆ ನಾಟಿಮಾಡುವ ವೆಚ್ಚದೊಡನೆ ಯಜಮಾನರೇ ಹೋಲಿಸಿ ನೋಡಲಿ.

ಇದೇ ಲೆಕ್ಕವು ಇನ್ನೊಂದು ವಿಷಯವನ್ನೂ ತಿಳಿಸುತ್ತದೆ. ಇಷ್ಟು ರಂಧ್ರಗಳನ್ನು ಮಾಡಿದರೂ ಮೇಲ್ಮೈಯಲ್ಲಿ ತೆರೆಯುವುದು ನೂರಕ್ಕೆ ಮೂರು ಪಾಲಿಗಿಂತ ಸ್ವಲ್ಪ ಕಡಿಮೆಯೇ. ಆದುದರಿಂದ ಒಂದೇ ಸಲಕ್ಕೆ ಹಲವು ವರ್ಷಗಳ ದೋಷವು ನೀಗುವುದೆಂದು ನಿರೀಕ್ಷಿಸಬಾರದು. ವರ್ಷವರ್ಷವೂ ಸ್ಥಳ ಬದಲಿಸಿ ರಂಧ್ರ ಮಾಡುತ್ತ ಬಂದರೆ ನೆಲವು ಕ್ರಮೇಣ ಸಡಿಲವಾಗುತ್ತದೆ.

ಇದರಿಂದುಂಟಾಗುವ ಪ್ರಯೋಜನಗಳು

ಮೊದಲನೆಯದಾಗಿ ನೀರಿನ ಉಳಿತಾಯ. ಒಂದಂಗುಲ ಮಳೆಯು ಒಂದು ಗುಂಟೆಯ ಮೇಲೆ ಸುರಿಸುವ ನೀರು ಸುಮಾರು ೨,೫೭೦ ಲೀಟರು. ಒಂದು ಎಕರೆಯ ಪಾಠಶಾಲೆಯ ಬಯಲಿಗೆ ಒಂದು ಲಕ್ಷ ಲೀಟರಿಗೂ ಮೀರುತ್ತದೆ. ಕಣದಂತೆ ಗಟ್ಟಿಯಾದ ಬಯಲಿನಲ್ಲಿ ಇದರ ಬಹುಭಾಗವು ಮಣ್ಣನ್ನೂ ಕೊಚ್ಚಿಕೊಂಡು ಚರಂಡಿ ಸೇರುತ್ತದೆ; ಸಡಿಲವಾದ ನೆಲದಲ್ಲಿ ಅಲ್ಲಿಯೇ ಇಂಗುತ್ತದೆ. ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತುವ ಗ್ರಾಮಗಳಲ್ಲಿ, ಕುಡಿಯುವ ನೀರಿಗೂ ಹುಲ್ಲಿಗೂ ಒಂದೇ ಬಾವಿಯನ್ನು ನಂಬಿರುವ ಕಡೆ, ಇದು ಅಲಂಕಾರದ ಪ್ರಶ್ನೆಯಲ್ಲ. ಮೇಲೆ ಹರಿದುಹೋಗುವ ನೀರನ್ನು ದಿನವೂ ಹಾಯಿಸುವುದಕ್ಕಿಂತ, ಆಳಕ್ಕಿಳಿಯುವ ನೀರನ್ನು ವಾರಕ್ಕೊಂದೆರಡು ಸಲ ಹಾಯಿಸುವುದೇ ಮೇಲು; ಬೇರು ನೀರನ್ನು ಹಿಂಬಾಲಿಸಿ ಕೆಳಗಿಳಿದು ಬರವನ್ನು ತಾಳಿಕೊಳ್ಳುತ್ತದೆ.

ಎರಡನೆಯದಾಗಿ ಗೊಬ್ಬರದ ಸದುಪಯೋಗ. ಗೊಬ್ಬರದಲ್ಲಿರುವ ಸಾರಜನಕವನ್ನು ಸಸ್ಯಕ್ಕೆ ಒಗ್ಗುವ ನೈಟ್ರೇಟಾಗಿ ಪರಿವರ್ತಿಸುವ ಸೂಕ್ಷ್ಮಜೀವಿಗಳು ಗಾಳಿಯಿದ್ದರೆ ಮಾತ್ರ ಕೆಲಸಮಾಡುತ್ತವೆ. ಗಾಳಿಯಿಲ್ಲದ ಒದ್ದೆನೆಲದಲ್ಲಿ ಬೇರೆ ಜಾತಿಯ ಸೂಕ್ಷ್ಮಜೀವಿಗಳು ಪ್ರಬಲವಾಗಿ, ಅದೇ ನೈಟ್ರೇಟನ್ನು ವಾಯುವಾಗಿ ಮಾರ್ಪಡಿಸಿ ಆಕಾಶಕ್ಕೆ ಬಿಟ್ಟುಬಿಡುತ್ತವೆ. ಗಡುಸಾದ ನೆಲಕ್ಕೆ ಮತ್ತೆ ಮತ್ತೆ ಯೂರಿಯಾ ಚೆಲ್ಲುವವನು ತನ್ನ ಹಣದ ಒಂದು ಪಾಲನ್ನು ಗಾಳಿಗೆ ತೂರಿದಂತೆಯೇ ಆಯಿತು.

ಮೂರನೆಯದಾಗಿ ಎರೆಹುಳುಗಳ ವೃದ್ಧಿ. ಚಾರ್ಲ್ಸ್ ಡಾರ್ವಿನ್ ಎಂಬ ಪ್ರಸಿದ್ಧ ವಿಜ್ಞಾನಿಯು ೧೮೮೧ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಇಂಗ್ಲೆಂಡಿನ ಅನೇಕ ಕಡೆಗಳಲ್ಲಿ ವರ್ಷಕ್ಕೆ ಎಕರೆಯೊಂದಕ್ಕೆ ಹತ್ತು ಟನ್ನಿಗೂ ಹೆಚ್ಚು ಮಣ್ಣು ಎರೆಹುಳುಗಳ ಶರೀರದ ಮೂಲಕ ಹಾದು ಮೇಲೆ ಬರುತ್ತದೆಂದು ಲೆಕ್ಕ ತೋರಿಸಿರುವನು. ಹುಳುಗಳ ಬಿಲಗಳೇ ನೆಲಕ್ಕೆ ಗಾಳಿಯ ದಾರಿಗಳು. ನಾವು ಆರಂಭಿಸಿದ ಕೆಲಸವನ್ನು ಅವು ಕೂಲಿಯಿಲ್ಲದೆ ಮುಂದುವರಿಸುತ್ತವೆ. ತೇವವೂ ಕಳಿತ ಗೊಬ್ಬರವೂ ಇದ್ದರೆ ಅವು ನೆಲಸುವುವು. ಕಂಡಕಂಡಲ್ಲಿ ಕೀಟನಾಶಕವನ್ನು ಸುರಿದರೆ ಅಳಿಯುವುವು.

ಎಚ್ಚರಿಕೆಯ ಮಾತುಗಳು

ಈ ಕ್ರಮವು ಎಲ್ಲ ರೋಗಕ್ಕೂ ಮದ್ದಲ್ಲ. ದಟ್ಟವಾದ ಮರದ ನೆರಳಿನಲ್ಲಿ ಗರಿಕೆ ಬೆಳೆಯದಿದ್ದರೆ ಅದಕ್ಕೆ ಬೆಳಕಿನ ಕೊರತೆಯೇ ಕಾರಣ. ತಗ್ಗಿನಲ್ಲಿ ನೀರು ನಿಂತರೆ ಮೊದಲು ಬಸಿಗಾಲುವೆ ತೋಡಬೇಕು. ಹುಲ್ಲು ಚಾಪೆಯಂತೆ ಸುಲಭವಾಗಿ ಕಿತ್ತುಬಂದರೆ ಕೆಳಗೆ ಗೊಣ್ಣೆಹುಳು ಇದೆಯೇ ಎಂದು ನೋಡಬೇಕು. ಕೊನ್ನಾರಿಗಡ್ಡೆ ತುಂಬಿದ ನೆಲದಲ್ಲಿ ಮೊದಲು ಗಡ್ಡೆಯನ್ನು ಆಯ್ದು ತೆಗೆಯಬೇಕು. ಇಲ್ಲವಾದರೆ ಉಪಕರಣವೇ ಅದನ್ನು ಹರಡೀತು. ಬೇಸಗೆಯಲ್ಲಿ ತಾನಾಗಿಯೇ ಬಿರುಕುಬಿಡುವ ಎರೆಭೂಮಿಯಲ್ಲಿ ಈ ಕೆಲಸದ ಅಗತ್ಯ ಕಡಿಮೆ. ಅಲ್ಲಿ ಒದ್ದೆಯಾದಾಗ ತುಳಿಯದಂತೆ ಕಾಪಾಡುವುದೇ ಪ್ರಧಾನ. ಹೊಸದಾಗಿ ನಾಟಿಮಾಡಿದ ಹುಲ್ಲಿಗೆ ಒಂದು ವರ್ಷ ತುಂಬುವವರೆಗೆ ಕೈ ಹಾಕಬಾರದು.

ರೋಗ ಬಂದ ಮೇಲೆ ಔಷಧ ಕೊಡುವುದಕ್ಕಿಂತ ಬಾರದಂತೆ ತಡೆಯುವುದು ಮೇಲು. ಈ ವಿಷಯದಲ್ಲಿ ಗ್ರಾಮದ ಮುಖಂಡರ ಹೊಣೆ ದೊಡ್ಡದು. ಮನೆಯ ಅಂಗಳವನ್ನು ಅದರ ಯಜಮಾನನು ನೋಡಿಕೊಳ್ಳುವನು. ಪಾಠಶಾಲೆಯ ಬಯಲು ಎಲ್ಲರದೂ ಆಗಿರುವುದರಿಂದ ಯಾರೂ ನೋಡಿಕೊಳ್ಳದಂತಾಗುವುದುಂಟು. ಉತ್ಸವಗಳ ವಾಹನಗಳಿಗೆ ಬೇರೆ ಸ್ಥಳವನ್ನು ಗೊತ್ತುಮಾಡುವುದು, ಜನರು ಹಾಯುವ ಕಡೆ ಕಲ್ಲುಹಾಸಿನ ಕಾಲುದಾರಿಯನ್ನು ಮಾಡಿಸುವುದು, ಮಳೆ ನಿಂತ ಕೂಡಲೇ ಬಯಲಿಗೆ ದನ ಬಿಡದಂತೆ ಕಟ್ಟುಮಾಡುವುದು ಇವು ಹೆಚ್ಚು ಹಣವನ್ನು ಬೇಡುವ ಕಾರ್ಯಗಳಲ್ಲ. ಊರ ಹಿರಿಯರು ಕೂಡಿ ಆಡುವ ಒಂದು ಮಾತನ್ನು ಮಾತ್ರ ಬೇಡುತ್ತವೆ.

ಆದುದರಿಂದ ಓದುಗರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಬರುವ ಮುಂಗಾರಿನಲ್ಲಿ ತಮ್ಮ ಹುಲ್ಲುಹಾಸಿನ ಒಂದು ಗುಂಟೆಗೆ ಮೇಲ್ಕಂಡಂತೆ ಗಾಳಿಯಾಡಿಸಿ, ಪಕ್ಕದ ಒಂದು ಗುಂಟೆಯನ್ನು ಹಾಗೆಯೇ ಬಿಡಲಿ. ಎರಡಕ್ಕೂ ಗೊಬ್ಬರ, ನೀರು ಸಮನಾಗಿರಲಿ. ದೀಪಾವಳಿಯ ಹೊತ್ತಿಗೆ ಎರಡರಲ್ಲಿಯೂ ಸರಳನ್ನು ಒತ್ತಿ, ಡಬ್ಬಿಯಲ್ಲಿ ನೀರು ಇಂಗುವ ಕಾಲವನ್ನು ನೋಡಿ, ಬೇರಿನ ಆಳವನ್ನು ಅಳೆದು ಬರೆದಿಡಲಿ. ಮತ್ತೊಬ್ಬರ ಮಾತನ್ನು ನಂಬುವುದಕ್ಕಿಂತ ತಮ್ಮ ನೆಲವೇ ಕೊಡುವ ಉತ್ತರವನ್ನು ನಂಬುವುದು ಬೇಸಾಯಗಾರನ ಲಕ್ಷಣ. ಫಲವು ಕಂಡುಬಂದರೆ ಮರುವರ್ಷ ಊರಿನ ಪಾಠಶಾಲೆಯ ಬಯಲಿಗೂ ಅದನ್ನೇ ಮಾಡಿಸಲಿ. ಕಮ್ಮಾರನಿಂದ ಮಾಡಿಸಿದ ಒಂದು ಉಪಕರಣವು ಇಡೀ ಗ್ರಾಮಕ್ಕೆ ಹಲವು ವರ್ಷ ಸಾಕಾಗುವುದು.